ಹತ್ತೊಂಬತ್ತರಿಂದ ಇಳಿಯದ ತೇವ

ಮೂರು ದಿನದಿಂದ ತೇವದ ಮೀಟರು ಹತ್ತೊಂಬತ್ತು ಅಂತಲೇ ತೋರಿಸುತ್ತಿತ್ತು. ಹುಲ್ಲಿನ ಪೆಂಡಿ ಬದಲಿಸಿ ಚುಚ್ಚಿದೆ, ಕೊನೆಗೆ ಮೀಟರನ್ನೇ ಬದಲಿಸಿದೆ. ಅದೇ ಹತ್ತೊಂಬತ್ತು! ಹುಲ್ಲಿನ ತೇವ ಹದಿನೈದಕ್ಕೆ ಇಳಿಯದಿದ್ದರೆ ಬೂಷ್ಟು ಹಿಡಿಯುತ್ತೆ, ಕುದುರೆ ಮೂಸಿಯೂ ನೋಡಲ್ಲ. ಸಂಜೆ ನಾಲ್ಕಕ್ಕೆ ಕುದುರೆ ಲಾಯದ ಮ್ಯಾನೇಜರ್ ಬರುವವರಿದ್ದರು. ಪಾಸಾದರೆ ವರ್ಷಪೂರ್ತಿ ಹುಲ್ಲು ನಮ್ಮಿಂದಲೇ. ಇಲ್ಲದಿದ್ದರೆ ಆ ಆರ್ಡರು ಡೀಸೆಲ್ ಉರಿಸಿ ಹುಲ್ಲು ಒಣಗಿಸುವ ಪಕ್ಕದೂರಿನವನ ಪಾಲು.

ಹುಲ್ಲು ಒಣಗಿಸುವ ಈ ಶೆಡ್ಡು ಕಟ್ಟಿದವನು ನನ್ನ ತಮ್ಮ. ಚಾವಣಿಗೆ ಕಪ್ಪು ತಗಡು, ಅದರ ಮೇಲೆ ಗಾಜು. ನಡುವೆ ಬಿಸಿಲಿಗೆ ಕಾದ ಗಾಳಿಯನ್ನು ಫ್ಯಾನು ಹಿಂದಿನ ಕೋಣೆಗೆ ಎಳೆದು, ಅಲ್ಲಿಂದ ಆರುನೂರು ಪೆಂಡಿಗಳ ಅಡಿಗೆ ನೂಕುತ್ತೆ. ಹುಲ್ಲಿಗೆ ನೇರ ಬಿಸಿಲು ತಾಗಲ್ಲ, ಹಸಿರು ಹೋಗಲ್ಲ. ಹೇಳೋಕೇನೋ ಚೆನ್ನಾಗಿದೆ!

"ಗಾಳಿಗೆ ಎಲ್ಲೋ ಅಡ್ಡ ಆಗ್ತಿದೆ ಅಕ್ಕ, ನೋಡ್ತೀನಿ ಇರು," ಅಂದ ಚಾವಣಿಯಿಂದ ಇಳಿದು.

"ಮೂರು ದಿನದಿಂದ ನೋಡ್ತಾನೇ ಇದ್ದೀಯಲ್ಲೋ! ನಿನ್ನ ಕೈಯಲ್ಲಿ ಒಂದು ಕೆಲಸನಾದ್ರೂ ನೆಟ್ಟಗಾಗಿದೆಯಾ?"

ಪೆಂಡಿ ಹೊರುವ ಮೂವರೂ ಅಲ್ಲೇ ಇದ್ದರು. ಅವನು ಸ್ಪ್ಯಾನರ್ ಕೆಳಗಿಟ್ಟು ಹೊರಟುಹೋದ. ಹೋದರೆ ಹೋಗಲಿ ಅಂದುಕೊಂಡೆ. ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ನಾನೇ ಹಿಂದಿನ ಕೋಣೆಯ ಬಾಗಿಲು ತೆಗೆದೆ. ಗಾಳಿ ಬರುವ ಜಾಲರಿಯ ಮೇಲೆ ಒದ್ದೆ ಕಂಬಳಿ! ಪಕ್ಕದಲ್ಲಿ ಇನ್ನೆರಡು. ಹಗ್ಗದ ತುಂಬ ದುಪ್ಪಟಿ, ಪರದೆ, ಪಕ್ಕದ ಮನೆಯವರ ಟವೆಲ್ಲು ಬೇರೆ. ನಡುವೆ ನಮ್ಮಮ್ಮ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು.

"ಅಮ್ಮಾ! ಮೂರು ದಿನದಿಂದ ಇದೇನಾ?"

"ಬೇಗ ಗರಿಗರಿ ಆಗುತ್ತೆ ಕಣೇ. ಹೊರಗೆ ಹಾಕಿದ್ರೆ ಬರೀ ಧೂಳು. ಅವನು ಮೇಲೆ ಹತ್ತಿದಾಗ ಹಾಕ್ತೀನಿ, ಇಳಿಯೋದ್ರೊಳಗೆ ತೆಗೀತೀನಿ. ಈಗ ಹೊರಟುಹೋದನಲ್ಲ ಅಂತ ಮತ್ತೆ ಹಾಕಿದೆ. ಪಾಪ, ಅವನ ಕೆಲಸಕ್ಕೆ ಯಾಕೆ ತೊಂದರೆ ಕೊಡ್ಲಿ?"

ತಲೆ ಚಚ್ಚಿಕೊಳ್ಳೋದೊಂದು ಬಾಕಿ. ಎಲ್ಲ ಕಿತ್ತು ಹೊರಗೆಸೆದೆ. ತೊಳೆದದ್ದೆಲ್ಲ ಮಣ್ಣಾಯ್ತು ಅಂತ ಅಮ್ಮ ನನಗೇ ಬೈದಳು. ಆಮೇಲೆ ಮಧ್ಯಾಹ್ನದ ಬಿಸಿಲಿಡೀ ಬಿಸಿಗಾಳಿ ತಡೆಯಿಲ್ಲದೆ ಪೆಂಡಿಗಳ ಅಡಿಗೆ ನುಗ್ಗಿತು.

ನಾಲ್ಕಕ್ಕೆ ಮ್ಯಾನೇಜರ್ ಬಂದು ಹತ್ತು ಪೆಂಡಿ ಚುಚ್ಚಿದರು. ಹದಿನೈದು, ಹದಿನಾಲ್ಕು, ಹದಿನೈದು.

"ಹುಲ್ಲು ಚೆನ್ನಾಗಿದೆ. ಆದ್ರೆ ವರ್ಷಪೂರ್ತಿ ಆರ್ಡರು ಬೇಕಂದ್ರೆ ಶೆಡ್ಡನ್ನ ಕಟ್ಟಿದವರೇ ನೋಡ್ಕೋಬೇಕು. ಎಲ್ಲಿ ಅವರು?"

ಮೂರನೇ ಸಲ ಫೋನ್ ಮಾಡಿದಾಗ ತಮ್ಮ ಎತ್ತಿದ.

"ಎಲ್ಲ ಸರಿಹೋಯ್ತು, ಬಾರೋ."

"ಆ ಮೂವರು ಅಲ್ಲಿದ್ದಾರಾ?"

"ಇದ್ದಾರೆ."

"ಸ್ಪೀಕರ್ ಹಾಕು."

ಹಾಕಿದೆ. ಮೂವರೂ ಕೆಲಸ ಬಿಟ್ಟು ಹತ್ತಿರ ಬಂದರು. ಮ್ಯಾನೇಜರ್ ಬೇರೆ ನನ್ನ ಮುಖವನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ತಪ್ಪು ನಂದು ಕಣೋ. ನಿನ್ನ ಕೆಲಸ ನೆಟ್ಟಗೇ ಇತ್ತು."



"ಇಷ್ಟು ಹೇಳೋಕೆ ಮೂವತ್ತು ವರ್ಷ ಬೇಕಾಯ್ತಾ ಅಕ್ಕ?" ಅಂದ. ದನಿಯಲ್ಲಿ ತಮಾಷೆ ಇರಲಿಲ್ಲ.