ಗೋಡೆ ದಾಟುವ ಚರೆ

ಹೋಬರ್ಟನ ಅಂಗಡಿಯಲ್ಲಿ ದನದ ಮೇವು, ಬೇಲಿಯ ತಂತಿ, ಮೀನಿನ ಗಾಳ, ಕೋವಿ ಎಲ್ಲವೂ ಒಂದೇ ಸೂರಿನಡಿ. ಗಲ್ಲಾದ ಪಕ್ಕದಲ್ಲಿ ಕಾಫಿ ಕಾಯುತ್ತಿರುತ್ತದೆ, ಅದರ ಸುತ್ತ ಕಲ್ಲಿದ್ದಲ ಗಣಿಯಲ್ಲಿ ಎದೆ ಸವೆಸಿಕೊಂಡ ಮುದುಕರು. ಟ್ರೀನಾ ಬಾಗಿಲು ತಳ್ಳಿದಾಗ ಅವರ ಹರಟೆ ನಿಂತಿತು. ಅವಳ ದವಡೆ ಮುರಿದು ಒಳಗೆ ಹೋಗಿದ್ದ ಗಂಡ ರಾಂಡಲ್ ಜೈಲಿನಿಂದ ಹೊರಬಂದ ಸುದ್ದಿ, ಕೆಂಟಕಿಯ ಆ ಕಣಿವೆಯಲ್ಲಿ, ಅವಳಿಗಿಂತ ಮುಂಚೆ ಅಂಗಡಿ ಮುಟ್ಟಿತ್ತು. ಅವಳ ಹಿಂದೆ ಬಂದ ಮುದುಕಿಯನ್ನು ಕಂಡಾಗ ಕಾಫಿ ಹೀರುವ ಸದ್ದೂ ಅಡಗಿತು. ಅವಳು ಡೆಲ್ಫಾ, ರಾಂಡಲನನ್ನು ಹೆತ್ತವಳು.

"ಏನು ಕೊಡ್ಲಮ್ಮಾ?" ಎಂದ ಹೋಬರ್ಟ್.

"ನಮ್ಮಪ್ಪನ ಕೋವಿಗೆ ತೋಟಾ."

"ಬೇಟೆಗಾ?" ಎಂದವನು, ಕೇಳಬಾರದ್ದನ್ನು ಕೇಳಿದೆನೆಂದು ಹೊಳೆದು ಕಿವಿ ಕೆರೆದುಕೊಂಡ.

"ಮನೆಗೆ," ಎಂದಳು ಟ್ರೀನಾ.

ಮೂಲೆಯಿಂದ ಆರ್ಲಿಸ್ ಬಾಯಿ ಹಾಕಿದ. ಯಾರ ಮನೆಯ ಸಾವಿನಲ್ಲೂ ಒಂದು ನಗೆಮಾತು ಹುಡುಕುವ ಮುದುಕ ಅವನು. "ಹಕ್ಕಿ ಹೊಡೆಯೋ ಚರೆ ಕೊಡೋ ಹೋಬರ್ಟ್. ತೋಟಾದೊಳಗಿನ ಗುಂಡು ಸಾಸಿವೆ ಕಾಳಿನಷ್ಟಿರುತ್ತೆ, ಗೋಡೆ ಹಾಳಾಗಲ್ಲ. ಕುಂಡಿಗೆ ಬಿದ್ರೆ ತಿಂಗಳುಗಟ್ಟಲೆ ಕೂರಲ್ಲ ನನ್ಮಗ. ನಮ್ಮಪ್ಪ ಕಲ್ಲಂಗಡಿ ಕದಿಯೋರಿಗೆ ಕಲ್ಲುಪ್ಪೇ ತುಂಬಿ ಹೊಡೀತಿದ್ದ."

"ನಿಂಗೇ ಬಿದ್ದಿತ್ತಂತಲ್ಲೋ!" ಎಂದ ಪಕ್ಕದ ಮುದುಕ.

"ಬಿದ್ದಿತ್ತು ಕಣಯ್ಯ. ಅದಕ್ಕೇ ಹೇಳ್ತಿರೋದು, ಚೆನ್ನಾಗಿ ಉರಿಯುತ್ತೆ."

ಹೋಬರ್ಟ್ ನಗಲಿಲ್ಲ. ಎರಡು ಡಬ್ಬಿ ತೆಗೆದು ಗಲ್ಲಾದ ಮೇಲಿಟ್ಟ. "ನೋಡಮ್ಮಾ, ಇದು ಹಕ್ಕಿದು. ದಪ್ಪ ಕೋಟು ಹಾಕ್ಕೊಂಡು ಬಂದೋನಿಗೆ ಚರ್ಮ ಕೀಳಬಹುದು, ನಿಲ್ತಾನೆ ಅಂತ ನಾನು ಮಾತು ಕೊಡಲ್ಲ. ಇದು ಜಿಂಕೆದು, ಕಾಳುಕಾಳೂ ಕಡಲೆಗಾತ್ರ. ಇದು ನಿಲ್ಲಿಸುತ್ತೆ. ಆದ್ರೆ ನೀವಿರೋದು ಟ್ರೈಲರ್ ಮನೆ, ಲಾರಿ ಎಳೆದು ತಂದಿಟ್ಟ ತಗಡಿನ ಪೆಟ್ಟಿಗೆ. ಆ ಗೋಡೆ ಅಂದ್ರೆ ಎರಡು ಹಾಳೆ, ಮಧ್ಯೆ ಒಂದಿಷ್ಟು ಹತ್ತಿ ಇದ್ದ ಹಾಗೆ. ಆಳನ್ನ ನಿಲ್ಲಿಸೋ ತೋಟಾ ಆ ಗೋಡೆ ದಾಟೇ ದಾಟುತ್ತೆ. ಗೋಡೆಯಲ್ಲೇ ನಿಲ್ಲೋ ತೋಟಾ ಆಳನ್ನ ನಿಲ್ಲಿಸಲ್ಲ. ಎರಡೂ ಒಂದರಲ್ಲೇ ಬೇಕು ಅಂದ್ರೆ ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ."

ಟ್ರೀನಾಳ ಕೈ ಹಕ್ಕಿ ಚರೆಯ ಡಬ್ಬಿಯತ್ತ ಹೋಯಿತು. ಮಗಳು ಕ್ಯಾಸಿ ಮಲಗುವ ಕೋಣೆ ಕಣ್ಣ ಮುಂದೆ ಬಂದಿತ್ತು.

"ಅದಲ್ಲ," ಎಂದಳು ಡೆಲ್ಫಾ.

ಎಲ್ಲರೂ ಮುದುಕಿಯನ್ನೇ ನೋಡಿದರು. ಅವಳು ಜಿಂಕೆ ಚರೆಯ ಡಬ್ಬಿಯನ್ನು ಬೆರಳಿನಿಂದ ಸೊಸೆಯತ್ತ ದೂಡಿದಳು. "ಮೈ ಮುಕ್ಕಾದ ರಾಂಡಲ್, ಗಟ್ಟಿಮುಟ್ಟಾಗಿರೋ ರಾಂಡಲನಿಗಿಂತ ಕೆಟ್ಟೋನು. ಹೆತ್ತಿದೀನಿ, ಗೊತ್ತು ನಂಗೆ. ಬರೀ ಉರಿಸಿ ಬಿಡಬೇಡ ಅವನನ್ನ."

ಆರ್ಲಿಸ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮನೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದರು. ಟ್ರೀನಾ ಒಮ್ಮೆ ಹೋಗಿದ್ದಳು, ಅಕ್ಕನ ಮನೆಗೆ. ರಾಂಡಲ್ ಅಲ್ಲಿಗೇ ಬಂದು ಭಾವನ ಕೈಯನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿ ಮುರಿದ. ಅಂದಿನಿಂದ ಅಕ್ಕ ಫೋನಿನಲ್ಲಿ ಅಳುತ್ತಾಳೆಯೇ ಹೊರತು ಬಾ ಎನ್ನುವುದಿಲ್ಲ. ಅವನು ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಹೇಳಿದೆ, ನಿಜ. ಆದರೆ ಹೇಳಿದವರು ಇರುವುದು ಪೇಟೆಯಲ್ಲಿ. ಪೊಲೀಸರ ಕಾರು ಬೆಟ್ಟ ಸುತ್ತಿ ಬರುವಷ್ಟರಲ್ಲಿ ಒಂದು ಹಂಡೆ ಹುರುಳಿಕಾಯಿ ಬೆಂದಿರುತ್ತದೆ.

ಮನೆಗೆ ಬಂದ ಮೇಲೆ ಟ್ರೀನಾ ಕೋವಿ ಹಿಡಿದು ಮನೆಯ ನಡುವಿನ ಇಕ್ಕಟ್ಟು ಹಾದಿಯಲ್ಲಿ ನಿಂತು ತೋರಿಸಿದಳು. "ಇಲ್ಲಿ ನಿಂತ್ರೆ ಮುಂಬಾಗಿಲು ನೇರಕ್ಕೆ ಸಿಗುತ್ತೆ, ಮ್ಯಾಮಾ. ಅದರ ಹಿಂದೆ ಬರೀ ಗುಡ್ಡ. ಯಾರಿಗೂ ಏನೂ ಆಗಲ್ಲ." ಕ್ಯಾಸಿ ಅಜ್ಜಿಯನ್ನು ಕರೆಯುವ ಹಾಗೆ ಅವಳೂ ಅತ್ತೆಯನ್ನು ಮ್ಯಾಮಾ ಎಂದೇ ಕರೆಯುತ್ತಿದ್ದಳು.

ಡೆಲ್ಫಾ ಬಹಳ ಹೊತ್ತು ಆ ಮುಂಬಾಗಿಲನ್ನು ನೋಡಿದಳು. ಅದರ ಮುಂದೆ ಹೊಲಿಗೆ ಯಂತ್ರ ಇಟ್ಟಿತ್ತು. ಆ ಕಣಿವೆಯಲ್ಲಿ ಮುಂಬಾಗಿಲು ತಟ್ಟುವವರು ಪಾದ್ರಿ, ಪೊಲೀಸು, ಏನಾದರೂ ಮಾರಲು ಬಂದವರು, ಅಷ್ಟೇ.

"ಅವನು ಹುಟ್ಟಿದಾಗಿಂದ ಮುಂಬಾಗಿಲಲ್ಲಿ ಬಂದೋನಲ್ಲ ಕಣೇ," ಎಂದಳು ಕೊನೆಗೆ. "ಮನೆಯೋರು ಯಾರು ಬರ್ತಾರೆ ಅದರಲ್ಲಿ? ಅಡುಗೆಮನೆ ಬಾಗಿಲಲ್ಲೇ ಬರ್ತಾನೆ."

ಹೇಳಿ ಮುಗಿಸಿದವಳು ಸಿಂಕಿನ ಅಂಚು ಹಿಡಿದು ನಿಂತಳು. ಮಗ ಬರುವ ದಾರಿಯನ್ನು ತಾನೇ ತೋರಿಸಿಕೊಟ್ಟಿದ್ದಳು.

ಟ್ರೀನಾ ಕೋವಿಯನ್ನು ಅತ್ತ ತಿರುಗಿಸಿದಳು. ಅಡುಗೆಮನೆಯ ಬಾಗಿಲು, ಅದರಾಚೆ ಬಟ್ಟೆ ಒಣಹಾಕುವ ಹಗ್ಗ, ಹಗ್ಗದಾಚೆ ಡೆಲ್ಫಾಳ ಟ್ರೈಲರ್. ಕೋವಿಯ ಮೂತಿ ನೇರ ನಿಂತದ್ದು ಮುದುಕಿಯ ಮಲಗುವ ಕೋಣೆಯ ಕಿಟಕಿಗೆ.

"ವಾಪಸ್ ಕೊಟ್ಟು ಹಕ್ಕಿದು ತರ್ತೀನಿ," ಎಂದಳು ಟ್ರೀನಾ.

"ತರಬೇಡ. ಮಂಚ ಎಳಿ, ಬಾ."

ಇಬ್ಬರೂ ಸೇರಿ ಡೆಲ್ಫಾಳ ಕಬ್ಬಿಣದ ಮಂಚವನ್ನು ಅವಳ ಟ್ರೈಲರಿನ ಆ ತುದಿಗೆ ಎಳೆದರು. ಬಾಗಿಲಲ್ಲಿ ಸಿಕ್ಕಿಕೊಂಡಾಗ ಡೆಲ್ಫಾ ಅದಕ್ಕೊಂದು ಒದೆ ಕೊಟ್ಟಳು. "ನನ್ನ ಗಂಡನೂ ಹೀಗೇ, ಒದೀದೆ ಜಾಗ ಬಿಡ್ತಿರ್ಲಿಲ್ಲ," ಎಂದಳು. ಇಬ್ಬರಿಗೂ ನಗು ಬಂತು, ಬಂದ ಹಾಗೇ ಹೋಯಿತು. ಕ್ಯಾಸಿಯನ್ನು ಡೆಲ್ಫಾಳ ತಂಗಿಯ ಮನೆಗೆ ಕಳಿಸಿದರು. ಅವನು ಬಂದರೆ ಮುದುಕಿ ಆ ತುದಿಯ ಕೋಣೆಯಲ್ಲೇ ಇರಬೇಕು, ಏನೇ ಆದರೂ ಹೊರಗೆ ಬರಬಾರದು ಎಂದು ಮಾತಾಯಿತು.

ಅವನು ಬಂದದ್ದು ಭಾನುವಾರ, ಇಗರ್ಜಿ ಬಿಟ್ಟು ಜನ ಊಟಕ್ಕೆ ಕೂರುವ ಹೊತ್ತು. ಟ್ರಕ್ಕಿನ ಸದ್ದು ಕೇಳಿದ್ದೇ ಟ್ರೀನಾ ಪೊಲೀಸರಿಗೆ ಫೋನು ಮಾಡಿ, ಕೋವಿ ಎತ್ತಿಕೊಂಡು ಮನೆಯೊಳಗಿನ ಆ ಹಾದಿಯಲ್ಲಿ ನಿಂತಳು. ಅಂಗಳದಿಂದ ಕೂಗು ಬಂತು. ಅಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ನಿಂತು ಕೂಗಬೇಕು. ಕೂಗಿದವರಿಗೆ ಮನೆಯವರು ಹೊರಗೆ ಬಂದು ಮುಖ ತೋರಿಸಬೇಕು. ಕಳ್ಳನಾದರೂ ಕೂಗುತ್ತಾನೆ ಎಂದು ಹಳಬರ ಗಾದೆ.

"ಅಮ್ಮಾ! ಓ ಅಮ್ಮಾ!"

ಉತ್ತರ ಬರಲಿಲ್ಲ. ಮರುಗಳಿಗೆ ಅಡುಗೆಮನೆಯ ಚಿಲಕ ಮುರಿಯಿತು. ರಾಂಡಲ್ ಟ್ರಕ್ಕಿನ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ. ಜೈಲಿನಲ್ಲಿ ಸೊರಗಿದ್ದ. ಆದರೆ ಆ ನಗು ಹಾಗೇ ಇತ್ತು.

"ನಿಮ್ಮಪ್ಪನ ಕೋವಿ! ಅದರ ಎಳೆಯೋ ಕುದುರೆ ಎಲ್ಲಿದೆ ಅಂತಾದ್ರೂ ಗೊತ್ತೇನೇ ನಿಂಗೆ? ಮಗು ಎಲ್ಲಿ?"

"ಒಳಗೆ ಬರಬೇಡ, ರಾಂಡಲ್."

"ನನ್ನ ಮನೆ ಕಣೇ ಇದು," ಎಂದು ಒಂದು ಕಾಲು ಒಳಗಿಟ್ಟ.

ಟ್ರೀನಾಳ ಬೆರಳು ಬಿಗಿಯಿತು. ಆಗ ಅವನ ಹೆಗಲ ಆಚೆ ಕಂಡಿತು: ಹಗ್ಗದ ಮೇಲಿನ ಹೊದಿಕೆಯನ್ನು ಸರಿಸಿಕೊಂಡು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ಡೆಲ್ಫಾ ಬರುತ್ತಿದ್ದಳು. ಅಂಗಳದಿಂದ ಮಗ ಅಮ್ಮಾ ಎಂದು ಕೂಗಿದ್ದ. ಬದುಕಿಡೀ ಆ ಕೂಗಿಗೆ ಓಗೊಟ್ಟ ಕಾಲು ಆಡಿದ ಮಾತನ್ನು ಮರೆತು ಹೊರಟಿತ್ತು. ಈಗ ಮುದುಕಿ ಮಗನ ಬೆನ್ನ ಹಿಂದೆ, ನೇರ ಅದೇ ಗೆರೆಯಲ್ಲಿ. ಕಡಲೆಗಾತ್ರದ ಚರೆ. ಗೋಡೆಯೇ ತಡೆಯದ್ದನ್ನು ಇವನೊಬ್ಬನ ಮೈ ಎಷ್ಟು ತಡೆದೀತು? ಸುತ್ತ ಹಾರಿದ್ದು ಎಲ್ಲಿಗೆ ಹೋದೀತು?

ರಾಂಡಲ್ ಇನ್ನೊಂದು ಹೆಜ್ಜೆ ಇಟ್ಟ. ಅವಳು ಹೊಡೆಯುವುದಿಲ್ಲ ಎಂದು ಅವನಿಗೆ ತಿಳಿದುಹೋಗಿತ್ತು. ಏಕೆಂದು ಮಾತ್ರ ತಿಳಿದಿರಲಿಲ್ಲ. ಸಲಾಕೆ ಮೇಲೆದ್ದಿತು.

"ಮ್ಯಾಮಾ!" ಟ್ರೀನಾ ಕಿರುಚಿದಳು. "ಮಲಕ್ಕೋ! ನೆಲಕ್ಕೆ ಮಲಕ್ಕೋ!"

ಡೆಲ್ಫಾ ನಿಂತಳು. ಸೊಸೆಯನ್ನು ನೋಡಿದಳು, ಮಗನ ಬೆನ್ನನ್ನು ನೋಡಿದಳು. ತಾನು ಮಲಗಿದರೆ ಏನಾಗುತ್ತದೆಂದು ಆ ಅಂಗಳದಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಂದು ಕೈ ಊರಿ, ಮಂಡಿ ಊರಿ, ಕೀಲುನೋವಿನ ಮುದುಕಿ ಎಷ್ಟು ನಿಧಾನವಾಗಿ ಹಾಸಿಗೆಗೆ ಇಳಿಯುತ್ತಾಳೋ ಅಷ್ಟೇ ನಿಧಾನವಾಗಿ ಅವಳು ಹುಲ್ಲಿನ ಮೇಲೆ ಬೋರಲು ಮಲಗಿದಳು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

ರಾಂಡಲ್ ತಿರುಗಿ ನೋಡಿದ.

ಎಷ್ಟು ಹೊತ್ತು ನೋಡಿದನೋ. ಅವನ ಮುಖ ಟ್ರೀನಾಳಿಗೆ ಕಾಣಲಿಲ್ಲ. ಕತ್ತು ಮಾತ್ರ ಕಾಣುತ್ತಿತ್ತು, ಅದು ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. "ಅಮ್ಮ," ಎಂದ ಮೆಲ್ಲಗೆ, ಕೂಗಲಿಲ್ಲ. ಡೆಲ್ಫಾ ತಲೆ ಎತ್ತಲಿಲ್ಲ. ಅವನು ಮೆಟ್ಟಿಲಿಳಿದ. ತಾಯಿಯನ್ನು ದೂರದಿಂದ ಸುತ್ತಿ, ಟ್ರಕ್ಕಿನತ್ತ ನಡೆದ. ಟ್ರಕ್ಕು ಹಳ್ಳದ ಸೇತುವೆ ದಾಟಿದ ಸದ್ದು ಕೇಳಿತು.

ಟ್ರೀನಾ ಓಡಿ ಹೋಗಿ ಮುದುಕಿಯ ತೋಳು ಹಿಡಿದಳು.

"ಮುಟ್ಟಬೇಡ," ಎಂದಳು ಡೆಲ್ಫಾ, ಹುಲ್ಲಿನೊಳಗಿಂದಲೇ. "ಸ್ವಲ್ಪ ಹೊತ್ತು ಬಿಡು ನನ್ನ."

ಟ್ರೀನಾ ಪಕ್ಕದಲ್ಲೇ ಕುಕ್ಕರಿಸಿದಳು. ಮುದುಕಿಯ ಬೆನ್ನು ಅದುರುತ್ತಿತ್ತು.

"ಹೋದನಾ?"

"ಹೋದ."

"ಮತ್ತೆ ಬರ್ತಾನೆ," ಎಂದಳು ಡೆಲ್ಫಾ. "ಕೋವಿಯಿಂದ ತೋಟಾ ತೆಗೀಬೇಡ."