ಪಟ್ಟಿಯಿಂದ ತೆಗೆದ ಪದ

ಬೆರಿಲ್ ಅಜ್ಜಿಯ ಮಲಗುವ ಕೋಣೆಯ ಗೋಡೆ ಅರ್ಧ ಗೇಣು ಮುಂದಕ್ಕೆ ಬಂದಿತ್ತು. ಗಾರೆ ಕೀವು ತುಂಬಿದ ಹುಣ್ಣಿನಂತೆ ಊದಿಕೊಂಡು, ಬಿರುಕಿನಿಂದ ಕಂದು ನೀರು ಜಿನುಗುತ್ತಿತ್ತು. ಇಂಗ್ಲೆಂಡಿನ ಬರ್ನ್ಲಿಯಲ್ಲಿ ಕಂಪನಿಯೊಂದರ ಬಾಡಿಗೆ ಮನೆಗಳನ್ನು ಮೂವತ್ತು ವರ್ಷದಿಂದ ತಪಾಸಣೆ ಮಾಡುತ್ತಿದ್ದ ಡೆನಿಸ್ ಎಂಟ್ವಿಸಲ್ ಮುಖ ಕಿವಿಚಿ ಹಿಂದೆ ಸರಿದ.

"ಬಿರುಕಿಂದ ಗಾಳಿ ನುಗ್ತಿತ್ತು ಕಣಪ್ಪಾ, ಅದಕ್ಕೇ ಮಂಚಾನ ಗೋಡೆಗೆ ಒತ್ತಿ ಹಾಕ್ಕೊಂಡಿದೀನಿ" ಎಂದಳು ಅಜ್ಜಿ. "ಹೋದ್ಸಲ ನೀನೇ ಹೇಳಿದ್ಯಲ್ಲ, ಒಂಚೂರು ಮುಂದಿದೆ ಅಷ್ಟೇ ಅಂತ. ಟೀ ಮಾಡ್ಲಾ?"

ಹೇಳಿದ್ದು ನಿಜ. 'ಸ್ಲೈಟ್ಲಿ ಪ್ರೌಡ್' ಎಂದು ಬರೆದೂ ಇದ್ದ. ಕೂದಲೆಳೆಯಷ್ಟು ಹೊರಬಂದದ್ದಕ್ಕೆ ಇಲ್ಲಿನ ಮೇಸ್ತ್ರಿಗಳ ಮಾತು ಅದು. ಕಾಲು ಮುರಿದರೂ ಒಂಚೂರು ನೋವು ಎನ್ನುವ ಜನ, ಗೋಡೆಗೂ ಅದೇ ಮರ್ಯಾದೆ ಕೊಡುತ್ತಾರೆ. ಹಾಗೆ ಬರೆದರೆ ಆರು ತಿಂಗಳ ಮೇಲೆ ಮತ್ತೆ ನೋಡಿದರಾಯಿತು. 'ಬಲ್ಜಿಂಗ್', ಅಂದರೆ ಗೋಡೆ ಉಬ್ಬಿದೆ ಎಂದು ಬರೆದರೆ ಮಾತ್ರ ಕಂಪನಿ ಬಾಡಿಗೆದಾರರನ್ನು ಅವತ್ತೇ ಬೇರೆಡೆ ಇರಿಸಬೇಕು.

ಇವತ್ತು ಅದನ್ನೇ ಬರೆಯಲು ಟ್ಯಾಬ್ ತೆರೆದ. ಆಯ್ಕೆಯ ಪಟ್ಟಿಯಲ್ಲಿ ಆ ಪದವೇ ಇರಲಿಲ್ಲ. ಮೇಲಧಿಕಾರಿ ಕ್ಲೈವ್‌ಗೆ ಫೋನ್ ಮಾಡಿದ.

"ಹೋದ್ವಾರ ತೆಗೆದ್ವಿ ಮಾರಾಯ, ಜನ ಸುಮ್ಸುಮ್ನೆ ಹೆದರ್ಕೋತಾರೆ. ಹತ್ತಿರದ್ದು ಯಾವ್ದಾದ್ರೂ ಒತ್ತು."

"ಮುದುಕಿ ತಲೆ ಮೇಲೆ ಬೀಳತ್ತೆ, ಕ್ಲೈವ್."

"'ಎದ್ದು ಕಾಣುವ ಏರುಪೇರು' ಅಂತಿದೆ ನೋಡು. ಅದು ಚೆನ್ನಾಗಿದೆ."

ಥೂ, ಇದೂ ಒಂದು ಬಾಳೇ ಎನಿಸಿತು ಡೆನಿಸ್‌ಗೆ. ಅಜ್ಜಿಗೆ ಕೋಟು ತೊಡಿಸಿ ಬೀದಿಗೆ ಕರೆತಂದ. ವ್ಯಾನಿನಿಂದ ಗುರುತು ಹಾಕುವ ಕೆಂಪು ಬಣ್ಣದ ಸ್ಪ್ರೇ ತಂದು, ಹೊರಗೋಡೆಯ ಇಟ್ಟಿಗೆಗಳ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಬಲ್ಜಿಂಗ್' ಎಂದು ಬರೆದ. ಕೆಲಸ ಹೋದರೆ ಹೋಗಲಿ. ಎಷ್ಟೋ ವರ್ಷದ ಮೇಲೆ ಮನಸ್ಸು ಹಗುರಾಯಿತು.

"ಅಯ್ಯೋ, ನೆಂಟರು ನೋಡಿದ್ರೆ ಏನಂದ್ಕೊಂಡಾರು" ಎಂದು ಅಜ್ಜಿ ಗೊಣಗಿದಳು.

ಬಣ್ಣದ ವಾಸನೆಗೆ ಅಕ್ಕಪಕ್ಕದವರು ಹೊರಗೆ ಬಂದರು. ಎದುರು ಮನೆಯ ಶೋನಾ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಗೋಡೆಯನ್ನು ಓದಿದಳು.

"ನಮ್ಮನೇನೂ ನೀವೇ ನೋಡಿದ್ದಲ್ವಾ, ಎಂಟ್ವಿಸಲ್ ಅವ್ರೇ? ಏನಂತ ಬರ್ದಿದ್ರಿ?"

ಡೆನಿಸ್ ತಿರುಗಿ ಅವಳ ಮನೆಯ ಗೋಡೆ ನೋಡಿದ. ಈ ಬೀದಿಯ ಮನೆಗಳನ್ನೆಲ್ಲ ನೋಡಿದವನು ಅವನೇ, ಕೆಲವನ್ನು ವ್ಯಾನಿನಿಂದ ಇಳಿಯದೆ. ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಮಗೂನ ಎತ್ಕೊಂಡು ಇಲ್ಲೇ ನಿಂತಿರಮ್ಮ" ಎಂದ. "ಒಳಗೆ ಹೋಗ್ಬೇಡ."