ಪವಿತ್ರಾ ಹೇಳಿ ಬರೆಸಿದ ಬಯೋಡಾಟಾ

ಭಟ್ಕಳದ ಒಂದು ನರ್ಸಿಂಗ್ ಹೋಮಿನಲ್ಲಿ ಪವಿತ್ರಾ ಹನ್ನೆರಡು ವರ್ಷ ಆಯಾ ಆಗಿದ್ದಳು. ವಯಸ್ಸಾದ ಡಾಕ್ಟರು ಅದನ್ನು ಮುಚ್ಚಿದ ಮೇಲೆ ಬೇರೆ ಕೆಲಸ ಹುಡುಕಬೇಕಾಯಿತು. ಹೋದಲ್ಲೆಲ್ಲ ಇಂಗ್ಲಿಷಿನಲ್ಲಿ ಬಯೋಡಾಟಾ ಕೇಳಿದರು. ಬಸ್‌ಸ್ಟ್ಯಾಂಡಿನೆದುರು ಟೈಪಿಂಗ್ ಅಂಗಡಿ ಇಟ್ಟಿದ್ದ ನಾಗರಾಜ ಅವಳ ಅನುಭವವನ್ನು ಎರಡು ಪುಟ ಚಂದವಾಗಿ ಹೊಡೆದುಕೊಟ್ಟ. ಅದನ್ನು ಹಿಡಿದು ಅವಳು ಕುಮಟೆಗೆ ಹೋದಳು.

ಅಲ್ಲಿಯ ಆಸ್ಪತ್ರೆಯವರು ಓದಿ, "ಡ್ರಿಪ್ ಹಾಕಲು ಬರುತ್ತದಲ್ಲ?" ಎಂದರು. ಅವಳು ಸೂಜಿ ಮುಟ್ಟಿದವಳೇ ಅಲ್ಲ. "ನರ್ಸಿಂಗ್ ಅಸಿಸ್ಟೆಂಟ್ ಅಂತ ನೀವೇ ಬರೆದಿದ್ದೀರಿ" ಎಂದು ಕಾಗದ ತೋರಿಸಿದರು. ವಾಪಸು ಬರುವಾಗ ಪವಿತ್ರಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾಗರಾಜ ಓದಿ ಹೇಳಿದಾಗ ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿದ ತನ್ನ ಮೇಲೇ.

ಮರುದಿನ ನಾಗರಾಜನ ಅಂಗಡಿಗೆ ಹೋಗಿ ಕೂತಳು. "ಇದು ಬೇಡ. ನಾ ಹೇಳ್ದಷ್ಟೇ ಹೊಡಿ."

"ಆಯಾ ಅಂತ ಬರದ್ರೆ ಯಾರ್ ಕರೀತಾರೆ ಅಕ್ಕಾ? ಎಲ್ಲರೂ ಹೀಂಗೇ ಬರ್ಸೂದು."

"ಕರೀದಿದ್ರೆ ಬೇಡ. ಕೇಳದ್ರೆ ನಂಗೆ ಹೇಳೂಕೆ ಬರ್ಬೇಕು."

ಅವಳು ಕನ್ನಡದಲ್ಲಿ ಒಂದೊಂದೇ ಕೆಲಸ ಹೇಳಿದಳು. ಅವನು ಚಿಕ್ಕ ಇಂಗ್ಲಿಷ್ ಮಾಡಿದ. ಐ ಗಿವ್ ಬಾತ್ ಟು ದಿ ಪೇಶಂಟ್. ಐ ಕಾಲ್ ದಿ ಡಾಕ್ಟರ್. ಐ ಡೋಂಟ್ ಗಿವ್ ಇಂಜೆಕ್ಷನ್.

"ಬಾರದ್ದನ್ನ ಯಾರಾದ್ರೂ ಬರ್ಸ್ತಾರಾ?"

"ಅದನ್ನೇ ಮೊದ್ಲು ಹಾಕು."

ಅರ್ಧ ಪುಟವೂ ಆಗಲಿಲ್ಲ. ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅನ್ನ ಬೇಯುವಾಗ, ಬಟ್ಟೆ ಒಗೆಯುವಾಗ ಹೇಳಿ ಹೇಳಿ ಬಾಯಿಪಾಠ ಮಾಡಿದಳು.

ಹೊನ್ನಾವರದ ಆಸ್ಪತ್ರೆಯಲ್ಲಿ ಗಾಯತ್ರಿ ಎಂಬ ಮೇಟ್ರನ್ ಅವಳ ಕೆಲಸದ ಬಗ್ಗೆ ಇಂಗ್ಲಿಷಿನಲ್ಲೇ ಕೇಳಿದರು. ಪವಿತ್ರಾ ಶುರು ಮಾಡಿ, ನಡುವೆ ತಡವರಿಸಿ ನಿಂತಳು.

"ಕನ್ನಡದಲ್ಲೇ ಹೇಳಿ, ಅಡ್ಡಿಲ್ಲ."

"ಬೇಡ ಮೇಡಂ, ಮುಗಸ್ತೆ" ಎಂದವಳು ಮೊದಲಿನಿಂದ ಹಿಡಿದು ಕೊನೆಯವರೆಗೂ ಹೇಳಿದಳು.

ಮೇಟ್ರನ್ ಕಾಗದ ಬದಿಗಿಟ್ಟರು. "ಹೆಂಗಸರ ವಾರ್ಡಿಗೆ ಆಯಾ ಬೇಕು. ನರ್ಸಿನ ಸಂಬಳ ಸಿಗೂದಿಲ್ಲ."

"ಆತು." ಎದ್ದವಳು ಮತ್ತೆ ಕೂತಳು. "ಸೂಜಿ ಹಾಕೂದು ಕಲೀಬೇಕಂದ್ರೆ ಎಂತ ಮಾಡ್ಬೇಕು?"

"ಅದಕ್ಕೆ ಕೋರ್ಸ್ ಮಾಡಬೇಕು. ಮೊದಲು ಹತ್ತನೇ ಕ್ಲಾಸು ಪಾಸಾಗಿರಬೇಕು."

ಪವಿತ್ರಾ ಶಾಲೆ ಬಿಟ್ಟದ್ದು ಎಂಟನೇ ಕ್ಲಾಸಿಗೆ. "ಈ ವಯಸ್ಸಿಗೆ ಪರೀಕ್ಷೆ ಕಟ್ಟೂಕೆ ಬಿಡ್ತಾರಾ?"

"ಬಿಡ್ತಾರೆ."

ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಆ ಸಂಜೆಯೇ ಪರೀಕ್ಷೆಗೆ ಎಲ್ಲಿ ಹೆಸರು ಕೊಡಬೇಕೆಂದು ವಿಚಾರಿಸಲು ಹೊನ್ನಾವರದ ಹೈಸ್ಕೂಲಿನ ಕಡೆ ನಡೆದಳು.